ಮಾರ್ಕ್ ನಾಫ್ಲರ್ ಆಲ್ಬಮ್‌ಗಳು: ಹೊಸಬರು ಎಲ್ಲಿಂದ ಶುರುಮಾಡಬೇಕು?

ಬೆಂಗಳೂರಿನಲ್ಲಿ ರಾಕ್ ಸಂಗೀತದ ಮಾತು ಬಂದರೆ ಹಳಬರು ಅರಮನೆ ಮೈದಾನದ ದೊಡ್ಡ ಸಂಜೆಗಳನ್ನು ನೆನೆಯುತ್ತಾರೆ. 2003ರ ರೋಲಿಂಗ್ ಸ್ಟೋನ್ಸ್, 2007ರ ಐರನ್ ಮೇಡನ್, 2011ರ ಮೆಟಾಲಿಕಾ. 2005ರ ಮಾರ್ಚ್‌ನಲ್ಲಿ ಇದೇ ಊರಿಗೆ ಬಂದು ನುಡಿಸಿದ ಬ್ರಿಟಿಷ್ ಗಾಯಕ, ಗಿಟಾರ್ ವಾದಕ ಮಾರ್ಕ್ ನಾಫ್ಲರ್ ಅವರ ಹೆಸರು ಆ ಸಾಲಿನಲ್ಲಿ ತಡವಾಗಿ ಬರುತ್ತದೆ. ಅವರು ಕಿರುಚುವುದಿಲ್ಲ, ವೇದಿಕೆಯ ಉದ್ದಗಲಕ್ಕೂ ಓಡಾಡುವುದಿಲ್ಲ. ಮಾತಿಗೂ ಹಾಡಿಗೂ ನಡುವಿನ ತಗ್ಗಿದ ದನಿಯಲ್ಲಿ ಒಬ್ಬ ಮನುಷ್ಯನ ಕಥೆ ಹೇಳಿ, ಹೇಳದೆ ಉಳಿದದ್ದನ್ನು ಗಿಟಾರಿಗೆ ಬಿಡುತ್ತಾರೆ.

ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್ ಸುತ್ತಮುತ್ತ ಸಂಜೆ ಕಳೆದವರಿಗೆ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಮತ್ತು ‘ಮನಿ ಫಾರ್ ನಥಿಂಗ್’ ಎಂಬ ಅವರ ಎರಡು ಹಾಡುಗಳು ಗೊತ್ತಿರುತ್ತವೆ. ಇವೆರಡನ್ನು ಇಷ್ಟಪಟ್ಟು, ಮುಂದೇನು ಕೇಳಬೇಕೆಂದು ತಿಳಿಯದೆ ನಿಂತವರು ನನಗೆ ಬಹಳ ಮಂದಿ ಸಿಕ್ಕಿದ್ದಾರೆ. ಅವರಿಗಾಗಿಯೇ ಈ ಬರಹ. ನಾಫ್ಲರ್ ಮುನ್ನಡೆಸಿದ ಡೈರ್ ಸ್ಟ್ರೇಟ್ಸ್ ಎಂಬ ರಾಕ್ ತಂಡದ ಹೆಸರಿನಲ್ಲಿ ಆರು ಸ್ಟುಡಿಯೋ ಆಲ್ಬಮ್‌ಗಳಿವೆ, ನಾಫ್ಲರ್ ಅವರ ಸ್ವಂತ ಹೆಸರಿನಲ್ಲಿ ಹತ್ತು. ಅದರ ಮೇಲೆ ಸಿನಿಮಾ ಸಂಗೀತ, ಜೋಡಿ ಆಲ್ಬಮ್‌ಗಳು, ನೇರ ಕಛೇರಿಯ ಮುದ್ರಣಗಳು. ಬಿಡುಗಡೆಯಾದ ವರ್ಷದ ಕ್ರಮದಲ್ಲಿ ಎಲ್ಲವನ್ನೂ ಕೇಳಹೊರಟವರು ಸಾಮಾನ್ಯವಾಗಿ ನಡುದಾರಿಯಲ್ಲಿ ಕೈಬಿಡುತ್ತಾರೆ. ಜನಪ್ರಿಯ ಹಾಡುಗಳ ಪಟ್ಟಿಯನ್ನಷ್ಟೇ ನಂಬಿದವರಿಗೆ 1985ರ ನಂತರದ ನಾಫ್ಲರ್ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ಅದು ದೊಡ್ಡ ನಷ್ಟ, ಏಕೆಂದರೆ ಅವರ ಅತ್ಯುತ್ತಮ ಬರವಣಿಗೆ ಇರುವುದು ಆ ಕಾಲದಲ್ಲಿ ಎಂದು ನಾನು ನಂಬಿದ್ದೇನೆ.

ಕೇಳಲು ಕೂರುವ ಮೊದಲು ಒಂದು ವಿಷಯ ತಿಳಿದಿರಲಿ. ನಾಫ್ಲರ್ 1949ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿ, ಇಂಗ್ಲೆಂಡಿನ ಈಶಾನ್ಯ ಮೂಲೆಯ ಬ್ಲೈತ್ ಎಂಬ ಬಂದರು ಊರಿನಲ್ಲಿ ಬೆಳೆದವರು. ತಂದೆ ನಾತ್ಸಿಗಳ ಹಿಂಸೆಯಿಂದ ತಪ್ಪಿಸಿಕೊಂಡು ಬಂದ ಹಂಗೆರಿಯ ಯಹೂದಿ ವಾಸ್ತುಶಿಲ್ಪಿ, ತಾಯಿ ಶಾಲಾ ಶಿಕ್ಷಕಿ. ಗಿಟಾರ್ ಹೊಟ್ಟೆ ತುಂಬಿಸುವ ಮೊದಲು ಅವರು ಲೀಡ್ಸ್‌ನಲ್ಲಿ ಪತ್ರಿಕೆಯ ವರದಿಗಾರರಾಗಿದ್ದರು, ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದರು, ಕಾಲೇಜೊಂದರಲ್ಲಿ ಪಾಠ ಹೇಳಿದರು. ಡೈರ್ ಸ್ಟ್ರೇಟ್ಸ್ ಹುಟ್ಟಿದ 1977ರ ಹೊತ್ತಿಗೆ ಅವರಿಗೆ ಇಪ್ಪತ್ತೆಂಟು ತುಂಬುತ್ತಿತ್ತು. ಆ ವರದಿಗಾರನ ಕಣ್ಣು ಅವರನ್ನು ಇಂದಿಗೂ ಬಿಟ್ಟಿಲ್ಲ. ಅವರ ಹಾಡುಗಳ ತುಂಬ ಕಸುಬುದಾರರಿದ್ದಾರೆ: ಸರ್ವೇಯರ್, ಗಾರೆ ಕೆಲಸದವನು, ಲಾರಿ ಚಾಲಕ, ಮೀನುಗಾರ, ಕುರಿ ಸಾಕುವವನು, ಗಿರವಿ ಅಂಗಡಿಯವನು, ಸೋತ ಬಾಕ್ಸರ್, ಗಿಟಾರ್ ಕೆತ್ತುವವನು. ಹಾಡು ಶುರುವಾದೊಡನೆ ‘ಇದನ್ನು ಹೇಳುತ್ತಿರುವವನು ಯಾರು, ಅವನ ಕೆಲಸ ಏನು’ ಎಂದು ಕೇಳಿಕೊಳ್ಳಿ. ಅದು ಗೊತ್ತಾದರೆ ಉಳಿದದ್ದು ತಾನಾಗಿ ತೆರೆದುಕೊಳ್ಳುತ್ತದೆ. ನಾನು ಹೇಳುವ ಕ್ರಮವೂ ಈ ಪ್ರಶ್ನೆಯನ್ನೇ ಹಿಡಿದು ಸಾಗುತ್ತದೆ.

ಮೊದಲು ಸಿದ್ಧತೆ

ಒಂದು ಆಲ್ಬಮ್‌ಗೆ ಒಂದು ವಾರ ಕೊಡಿ. ಮೊಬೈಲ್ ಆಪ್‌ನಲ್ಲಿ ಷಫಲ್ (ಹಾಡುಗಳ ಕ್ರಮ ಕಲಸುವ ಆಯ್ಕೆ) ಆಫ್ ಮಾಡಿ. ಹಾಡುಗಳ ಕ್ರಮ ಇಲ್ಲಿ ಬಹಳ ಮುಖ್ಯ, ಅದರಲ್ಲೂ 1980ರ ದಶಕದ ಆಲ್ಬಮ್‌ಗಳಲ್ಲಿ. ಈಕ್ವಲೈಜರ್‌ನಲ್ಲಿ ಬೇಸ್ (ತಗ್ಗಿನ ಸ್ವರಗಳು) ಹೆಚ್ಚಿಸುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ. ನಾಫ್ಲರ್ ಅವರ ಗಿಟಾರಿನ ಸೊಗಸು ಮಧ್ಯದ ಸ್ವರಗಳಲ್ಲಿದೆ. ಬೇಸ್ ಉಬ್ಬಿಸಿದರೆ ಅದು ಮುಚ್ಚಿಹೋಗುತ್ತದೆ.

ಎಲ್ಲಿ ಕೇಳುತ್ತೀರಿ ಎಂಬುದನ್ನೂ ಯೋಚಿಸಿ. ಸಿಲ್ಕ್ ಬೋರ್ಡ್ ಕಡೆಯ ಬಸ್ಸಿನಲ್ಲಿ ‘ಪ್ರೈವೇಟ್ ಇನ್ವೆಸ್ಟಿಗೇಷನ್ಸ್’ ಕೇಳಲು ಹೋಗಬೇಡಿ. ಅದರ ಅರ್ಧ ಭಾಗ ಪಿಸುಮಾತಿನಷ್ಟು ಮೆಲ್ಲಗಿದೆ, ಹಾರನ್ನುಗಳ ನಡುವೆ ಏನೂ ಕೇಳಿಸುವುದಿಲ್ಲ. ಕೇಳಿಸಲೆಂದು ಧ್ವನಿ ಏರಿಸಿದರೆ ಮುಂದೆ ಬರುವ ಡ್ರಮ್ಮಿನ ಹೊಡೆತ ಕಿವಿಗೆ ಪೆಟ್ಟು ಕೊಡುತ್ತದೆ. ಮೆಟ್ರೋ ಪರವಾಗಿಲ್ಲ. ಮನೆಯಲ್ಲಿ ರಾತ್ರಿ ಊಟದ ನಂತರದ ಹೊತ್ತು ಎಲ್ಲಕ್ಕಿಂತ ಒಳ್ಳೆಯದು.

ಸಾಹಿತ್ಯದ ಬಗ್ಗೆ ಒಂದು ಸಲಹೆ. ಮೊದಲ ಬಾರಿ ಪಠ್ಯ ನೋಡದೆ ಕೇಳಿ, ಎರಡನೇ ಬಾರಿ ಓದುತ್ತ ಕೇಳಿ. ಈಶಾನ್ಯ ಇಂಗ್ಲೆಂಡಿನ ಆಡುನುಡಿ, ಹಡಗುಕಟ್ಟೆಯ ಪದಗಳು, ಅಮೆರಿಕದ ಊರುಗಳ ಹೆಸರುಗಳು ಸಾಲುಸಾಲಾಗಿ ಬರುತ್ತವೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಅವು ಒಂದೇ ಸಲಕ್ಕೆ ದಕ್ಕುವುದಿಲ್ಲ, ಆದ್ದರಿಂದ ಯಾರೂ ಹಿಂಜರಿಯಬೇಕಿಲ್ಲ.

ಮೊದಲ ಹೆಜ್ಜೆ: ‘ಡೈರ್ ಸ್ಟ್ರೇಟ್ಸ್’ (1978)

ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಮ್. ಒಂಬತ್ತು ಹಾಡುಗಳು, ನಾಲ್ಕೇ ಜನ: ಮಾರ್ಕ್, ತಮ್ಮ ಡೇವಿಡ್, ಬೇಸ್ ಗಿಟಾರಿನಲ್ಲಿ ಜಾನ್ ಇಲ್ಸ್ಲಿ, ಡ್ರಮ್ಮಿನಲ್ಲಿ ಪಿಕ್ ವಿದರ್ಸ್. ಲಂಡನ್ ತುಂಬ ಪಂಕ್ ಎಂಬ ಒರಟು, ಗಟ್ಟಿ ರಾಕ್ ಅಬ್ಬರಿಸುತ್ತಿದ್ದ ದಿನಗಳವು. ಆಗ ಇಷ್ಟು ತಣ್ಣಗೆ, ಇಷ್ಟು ಅಚ್ಚುಕಟ್ಟಾಗಿ ನುಡಿಸಲು ಧೈರ್ಯ ಬೇಕಿತ್ತು. ಬಿಬಿಸಿ ರೇಡಿಯೋ ಲಂಡನ್‌ನ ಚಾರ್ಲಿ ಗಿಲೆಟ್ ಅವರು ಈ ತಂಡದ ಮಾದರಿ ಧ್ವನಿಮುದ್ರಣವನ್ನು ತಮ್ಮ ಕಾರ್ಯಕ್ರಮದಲ್ಲಿ ಹಾಕಿದ್ದರಿಂದ ದಾರಿ ತೆರೆಯಿತು.

‘ಸುಲ್ತಾನ್ಸ್ ಆಫ್ ಸ್ವಿಂಗ್’ ಇರುವುದು ಇದರಲ್ಲೇ. ಬಹುಪಾಲು ಖಾಲಿಯಿದ್ದ ಪಬ್ಬಿನಲ್ಲಿ ಜಾಜ್ ನುಡಿಸುತ್ತಿದ್ದ ಸಾಧಾರಣ ತಂಡವೊಂದನ್ನು ನೋಡಿ ಹುಟ್ಟಿದ ಹಾಡು ಅದು. ತಮ್ಮನ್ನು ಸುಲ್ತಾನರೆಂದು ಕರೆದುಕೊಂಡ ಆ ವಾದಕರನ್ನು ನಾಫ್ಲರ್ ಗೇಲಿ ಮಾಡುವುದಿಲ್ಲ. ಹಗಲು ಬೇರೆ ಕೆಲಸ ಮಾಡಿ ರಾತ್ರಿ ನುಡಿಸಲು ಬರುವವನನ್ನು ಗೌರವದಿಂದ ನೋಡುತ್ತಾರೆ. ನೂರು ಸಲ ಕೇಳಿದ್ದರೂ ಈ ಬಾರಿ ಗಿಟಾರ್ ಬಿಟ್ಟು ಆ ಜನರನ್ನು ಗಮನಿಸಿ.

ಗಿಟಾರನ್ನು ಕೇಳುವುದಕ್ಕೆ ‘ಡೌನ್ ಟು ದ ವಾಟರ್‌ಲೈನ್’ ಆರಿಸಿಕೊಳ್ಳಿ. ಇಲ್ಲಿಯ ಗಿಟಾರ್ ಹಾಡಿಗೆ ಹಿಮ್ಮೇಳವಷ್ಟೇ ಆಗಿ ನಿಲ್ಲುವುದಿಲ್ಲ. ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದ ರಾಮನವಮಿ ಕಛೇರಿಗಳಲ್ಲಿ ಹಾಡುಗಾರರು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಪಿಟೀಲು ಆ ಭಾವವನ್ನು ಎತ್ತಿಕೊಂಡು ಎರಡು ಹೆಜ್ಜೆ ಮುಂದಕ್ಕೆ ಒಯ್ಯುವುದನ್ನು ಕೇಳಿದ್ದೀರಲ್ಲ, ಅದೇ ಕೆಲಸವನ್ನು ನಾಫ್ಲರ್ ಅವರ ಗಿಟಾರ್ ಮಾಡುತ್ತದೆ. ವ್ಯತ್ಯಾಸ ಇಷ್ಟೇ, ಇಲ್ಲಿ ಹಾಡುವವರೂ ನುಡಿಸುವವರೂ ಒಬ್ಬರೇ. ಪ್ರತಿ ಸಾಲಿನ ಕೊನೆಗೆ ಬರುವ ಆ ಪುಟ್ಟ ಉತ್ತರಗಳನ್ನು ಹಿಡಿಯಲು ಕಿವಿ ಒಗ್ಗಿದರೆ ಮುಂದಿನ ನಲವತ್ತು ವರ್ಷಗಳ ಸಂಗೀತ ಸಲೀಸು.

ಆ ಧ್ವನಿಗೆ ಒಂದು ಕಾರಣವೂ ಇದೆ. ನಾಫ್ಲರ್ ಎಡಗೈಯವರಾದರೂ ಬಲಗೈಯವರಂತೆ ನುಡಿಸುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಹೆಚ್ಚಿನವರು ಬಳಸುವ ಪ್ಲೆಕ್ಟ್ರಮ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಬಿಟ್ಟು, ಹೆಬ್ಬೆರಳು ಮತ್ತು ಮೊದಲೆರಡು ಬೆರಳುಗಳಿಂದ ತಂತಿ ಮೀಟುತ್ತಾರೆ. ಬೆರಳಿನ ಚರ್ಮ ತಂತಿಯನ್ನು ಹಿಡಿದು ಬಿಡುವಾಗ ಹುಟ್ಟುವ ಚಿಟುಕು, ತಂತಿಯನ್ನು ಮೇಲಕ್ಕೆಳೆದಾಗ ಬರುವ ಪೆಟ್ಟು, ಇವುಗಳಿಂದಾಗಿ ಒಂದೊಂದು ಸ್ವರಕ್ಕೂ ಬೇರೆ ಬೇರೆ ತೂಕ.

ಎರಡನೇ ಹೆಜ್ಜೆ: ‘ಲವ್ ಓವರ್ ಗೋಲ್ಡ್’ (1982)

ನಡುವಿನ ಎರಡು ಆಲ್ಬಮ್‌ಗಳನ್ನು ಸದ್ಯಕ್ಕೆ ದಾಟಿ ಇಲ್ಲಿಗೆ ಬನ್ನಿ. ಇದರಲ್ಲಿರುವುದು ಐದೇ ಹಾಡುಗಳು. ಮೊದಲನೆಯದೇ ಹದಿನಾಲ್ಕು ನಿಮಿಷ ಮೀರಿದ ‘ಟೆಲಿಗ್ರಾಫ್ ರೋಡ್’. ನಾಫ್ಲರ್ ಅವರ ಒಂದೇ ಒಂದು ಹಾಡನ್ನು ಬೆಂಗಳೂರಿನವರಿಗೆ ಕೇಳಿಸು ಎಂದರೆ ನಾನು ಆರಿಸುವುದು ಇದನ್ನೇ.

ಟೆಲಿಗ್ರಾಫ್ ರೋಡ್ ಎಂಬುದು ಅಮೆರಿಕದ ಡೆಟ್ರಾಯಿಟ್ ಹತ್ತಿರದ ನಿಜವಾದ ರಸ್ತೆ. ಹಾಡಿನಲ್ಲಿ ಒಬ್ಬ ಮನುಷ್ಯ ಹೊರೆ ಹೊತ್ತು ಕಾಡಿನ ನಡುವಿನ ಜಾಡಿಗೆ ಬರುತ್ತಾನೆ, ಗುಡಿಸಲು ಕಟ್ಟುತ್ತಾನೆ. ಅವನ ಹಿಂದೆ ಇತರರು ಬರುತ್ತಾರೆ. ಚರ್ಚು, ಶಾಲೆ, ವಕೀಲರು, ಕಾನೂನು, ರೈಲು, ಗಣಿ, ಕಾರ್ಖಾನೆ ಬರುತ್ತವೆ. ಜಾಡು ಹೆದ್ದಾರಿಯಾಗುತ್ತದೆ. ಆಮೇಲೆ ಕಾರ್ಖಾನೆಯ ಬಾಗಿಲು ಮುಚ್ಚುತ್ತದೆ. ಅಲ್ಲಿಯವರೆಗೆ ದೂರದಿಂದ ಊರಿನ ಇತಿಹಾಸ ಹೇಳುತ್ತಿದ್ದ ದನಿ ಇದ್ದಕ್ಕಿದ್ದಂತೆ ಕೆಲಸ ಕಳೆದುಕೊಂಡ ಒಬ್ಬನ ಬಾಯಿಗೆ ಇಳಿದು, ಅವನು ತನ್ನವಳೊಡನೆ ಮಾತಾಡತೊಡಗುತ್ತಾನೆ. ಆ ತಿರುವನ್ನು ತಪ್ಪಿಸಿಕೊಳ್ಳಬೇಡಿ. ಹಾಡಿನ ಜೀವ ಇರುವುದು ಅಲ್ಲೇ.

ತುಮಕೂರು ರಸ್ತೆಯ ಕಡೆ ಬೆಳೆದ ಯಾರಿಗೇ ಆಗಲಿ ಇದು ಪರದೇಶದ ಕಥೆ ಅನ್ನಿಸುವುದಿಲ್ಲ. ಎಚ್‌ಎಂಟಿ 1953ರಲ್ಲಿ ಜಾಲಹಳ್ಳಿಯಲ್ಲಿ ನೆಲೆಯೂರಿತು, 1961ರ ಹೊತ್ತಿಗೆ ಕೈಗಡಿಯಾರ ತಯಾರಿಕೆ ಶುರುವಾಯಿತು. ಕಾರ್ಖಾನೆಯ ಸುತ್ತ ಕಾಲೊನಿ ಹುಟ್ಟಿತು, ಶಾಲೆ ಹುಟ್ಟಿತು, ಪಾಳಿ ಬದಲಾಗುವ ಹೊತ್ತಿನ ಜನಜಂಗುಳಿ ಹುಟ್ಟಿತು. 2016ರಲ್ಲಿ ಕೈಗಡಿಯಾರದ ಘಟಕ ಮುಚ್ಚಿತು. ರಸ್ತೆ ಮಾತ್ರ ಅಗಲವಾಗುತ್ತಲೇ ಇದೆ, ಮೇಲೆ ಮೆಟ್ರೋ ಓಡುತ್ತಿದೆ. ನಾಫ್ಲರ್ ಅವರಿಗೆ ಜಾಲಹಳ್ಳಿ ಗೊತ್ತಿರಲಾರದು. ಆದರೂ ಊರೊಂದು ಹುಟ್ಟಿ, ದುಡಿದು, ದುಡಿದವನನ್ನೇ ಮರೆಯುವ ಪರಿ ಅವರಿಗೆ ಚೆನ್ನಾಗಿ ಗೊತ್ತಿದೆ.

ಕೇಳುವ ವಿಧಾನ ಹೀಗಿರಲಿ. ಹಾಡಿನ ಆರಂಭದಲ್ಲಿ ಬಹಳ ಹೊತ್ತು ಏನೂ ಆಗುತ್ತಿಲ್ಲ ಅನ್ನಿಸಬಹುದು, ತಾಳಿಕೊಳ್ಳಿ. ಆ ಖಾಲಿಯೇ ಕಾಡಿನ ಜಾಡು. ಪಿಯಾನೋ ಬಂದಾಗ ಜನ ಬರುತ್ತಾರೆ. ಕೊನೆಯಲ್ಲಿ ಮಾತೆಲ್ಲ ಮುಗಿದ ಮೇಲೆ ಗಿಟಾರ್ ಒಂದೇ ನಿಮಿಷಗಟ್ಟಲೆ ಓಡುತ್ತದೆ. ಅದನ್ನು ಕೈಚಳಕದ ಪ್ರದರ್ಶನ ಎಂದು ಕೇಳಬೇಡಿ, ಆ ನಿರುದ್ಯೋಗಿಯ ಸಿಟ್ಟು ಎಂದು ಕೇಳಿ. ನೇರಳೆ ಮಾರ್ಗದ ಮೆಟ್ರೋದಲ್ಲಿ ಮೆಜೆಸ್ಟಿಕ್‌ನಲ್ಲಿ ಹಾಡು ಹಚ್ಚಿದರೆ ಹೆಚ್ಚೂಕಡಿಮೆ ಇಂದಿರಾನಗರ ತಲುಪುವ ಹೊತ್ತಿಗೆ ಮುಗಿಯುತ್ತದೆ. ನೆಲದಡಿಯ ಕತ್ತಲಲ್ಲಿ ಶುರುವಾಗಿ ಎಂ.ಜಿ. ರಸ್ತೆಯ ಹತ್ತಿರ ಬೆಳಕಿಗೆ ಬರುವ ಆ ಹಾದಿ ಈ ಹಾಡಿಗೆ ಚೆನ್ನಾಗಿ ಹೊಂದುತ್ತದೆ.

ಎರಡನೆಯದು ನಾನು ಆಗಲೇ ಹೆಸರಿಸಿದ ‘ಪ್ರೈವೇಟ್ ಇನ್ವೆಸ್ಟಿಗೇಷನ್ಸ್’. ಪತ್ತೇದಾರನೊಬ್ಬನ ಬೇಸತ್ತ ಸ್ವಗತ, ನೈಲಾನ್ ತಂತಿಯ ಗಿಟಾರ್, ನಡುವೆ ಉದ್ದುದ್ದ ಮೌನ. ಇಷ್ಟು ನಿಧಾನದ ಹಾಡು ಬ್ರಿಟನ್ನಿನ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿತು ಎಂಬುದು ನನಗೆ ಈಗಲೂ ಬೆರಗು. ಉಳಿದ ಮೂರರಲ್ಲಿ ಆಲ್ಬಮ್ಮಿನ ಹೆಸರಿನ ಹಾಡು ಬಲು ಚೆಲುವಾದದ್ದು. ‘ಇಂಡಸ್ಟ್ರಿಯಲ್ ಡಿಸೀಸ್’ ಲವಲವಿಕೆಯದು, ಆದರೆ ಆ ಕಾಲದ ಬ್ರಿಟನ್ನಿನ ರಾಜಕೀಯ ಗೊತ್ತಿಲ್ಲದವರಿಗೆ ಅರ್ಧವಷ್ಟೇ ದಕ್ಕುತ್ತದೆ.

ಮೂರನೇ ಹೆಜ್ಜೆ: ‘ಮೇಕಿಂಗ್ ಮೂವೀಸ್’ (1980)

ಒಂದು ಹೆಜ್ಜೆ ಹಿಂದಕ್ಕೆ. ತಮ್ಮ ಡೇವಿಡ್ ತಂಡ ಬಿಟ್ಟದ್ದು ಈ ಆಲ್ಬಮ್ ತಯಾರಾಗುವಾಗ. ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ತಂಡದ ರಾಯ್ ಬಿಟನ್ ಕೀಬೋರ್ಡ್ ನುಡಿಸಿದ್ದಾರೆ, ಹಾಗಾಗಿ ಧ್ವನಿ ಒಮ್ಮೆಲೇ ಹಿಗ್ಗಿದೆ. ಮೊದಲ ಮೂರು ಹಾಡುಗಳನ್ನು, ಅಂದರೆ ‘ಟನಲ್ ಆಫ್ ಲವ್’, ‘ರೋಮಿಯೋ ಅಂಡ್ ಜೂಲಿಯೆಟ್’, ‘ಸ್ಕೇಟ್‌ಅವೇ’, ಒಟ್ಟಿಗೆ ಕೇಳಿ. ಮೊದಲನೆಯದರಲ್ಲಿ ಬರುವ ಸ್ಪ್ಯಾನಿಷ್ ಸಿಟಿ ಸ್ಪೇನಿನಲ್ಲಿಲ್ಲ. ನಾಫ್ಲರ್ ಬೆಳೆದ ಊರಿಗೆ ಹತ್ತಿರದ ವಿಟ್ಲಿ ಬೇ ಎಂಬ ಕಡಲತೀರದ ಮನರಂಜನಾ ತಾಣ ಅದು. ಹಾಡಿನ ಕೊನೆಯ ಗಿಟಾರ್ ಭಾಗ ನನ್ನ ಮಟ್ಟಿಗೆ ಅವರು ಧ್ವನಿಮುದ್ರಿಸಿದ್ದರಲ್ಲೆಲ್ಲ ಅತ್ಯಂತ ಸುಂದರವಾದದ್ದು. ಆಲ್ಬಮ್ಮಿನ ಕೊನೆಯ ಹಾಡು ‘ಲೆ ಬಾಯ್ಸ್’ ಅನ್ನು ಬಿಟ್ಟರೂ ನಷ್ಟವಿಲ್ಲ.

ನಾಲ್ಕನೇ ಹೆಜ್ಜೆ: ‘ಬ್ರದರ್ಸ್ ಇನ್ ಆರ್ಮ್ಸ್’ (1985)

ಎಲ್ಲರೂ ಇಲ್ಲಿಂದ ಶುರುಮಾಡುತ್ತಾರೆ, ನಾನು ನಾಲ್ಕನೆಯದಾಗಿ ಇಟ್ಟಿದ್ದೇನೆ. ಇದರ ಹೊಳಪು ಹೊಸಬರನ್ನು ದಿಕ್ಕು ತಪ್ಪಿಸುತ್ತದೆ. ಕೆರಿಬಿಯನ್ನಿನ ಮೊಂಟ್ಸೆರಾಟ್ ದ್ವೀಪದ ಸ್ಟುಡಿಯೋದಲ್ಲಿ ಡಿಜಿಟಲ್ ತಂತ್ರದಿಂದ ಮುದ್ರಿಸಿದ ಈ ಆಲ್ಬಮ್ ಆಗಷ್ಟೇ ಬಂದಿದ್ದ ಸಿಡಿಯ ಜೊತೆಗೇ ಬೆಳೆಯಿತು. ಸಿಡಿ ರೂಪದಲ್ಲಿ ಹತ್ತು ಲಕ್ಷ ಪ್ರತಿ ಮಾರಾಟವಾದ ಮೊದಲ ಆಲ್ಬಮ್ ಇದೇ.

ಗ್ರಾಮಫೋನ್ ತಟ್ಟೆ ಕೊಳ್ಳುವವರು ಇದೊಂದನ್ನು ಗಮನಿಸಬೇಕು. 1985ರ ಎಲ್‌ಪಿಯಲ್ಲಿ ಜಾಗ ಸಾಲದೆ ಕೆಲವು ಹಾಡುಗಳನ್ನು ಮೊಟಕುಗೊಳಿಸಿದ್ದಾರೆ. ‘ವೈ ವರಿ’ ಸಿಡಿಯಲ್ಲಿ ಎಂಟೂವರೆ ನಿಮಿಷ ಇದೆ. ಹಳೆಯ ತಟ್ಟೆಯಲ್ಲಿ ಅದರ ಕೊನೆಯ ನೀಳ ವಾದ್ಯಭಾಗ ಬಹುಪಾಲು ಇಲ್ಲ. ನಂತರ ಬಂದ ಎರಡು ತಟ್ಟೆಗಳ ಆವೃತ್ತಿಯಲ್ಲಿ ಪೂರ್ತಿ ಇದೆ. ಚರ್ಚ್ ಸ್ಟ್ರೀಟಿನಲ್ಲೋ ಅವೆನ್ಯೂ ರಸ್ತೆಯಲ್ಲೋ ಹಳೆಯ ತಟ್ಟೆ ಕಂಡರೆ ಚಿತ್ರ ನೋಡಿ ಮರುಳಾಗದೆ ಒಂದು ತಟ್ಟೆಯದೋ ಎರಡರದೋ ಎಂದು ನೋಡಿ. ಬೆಳಕಿಗೆ ಓರೆಯಾಗಿ ಹಿಡಿದರೆ ಗೀರುಗಳು ಕಾಣುತ್ತವೆ. ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಹಿಡಿದು ತಟ್ಟೆ ಬಾಗಿದೆಯೇ ಎಂಬುದನ್ನೂ ಪರೀಕ್ಷಿಸಿ.

‘ಮನಿ ಫಾರ್ ನಥಿಂಗ್’ ಬಗ್ಗೆ ಹೇಳಲೇಬೇಕಾದದ್ದಿದೆ. ನ್ಯೂಯಾರ್ಕಿನ ಗೃಹೋಪಯೋಗಿ ವಸ್ತುಗಳ ಅಂಗಡಿಯಲ್ಲಿ ಸಾಮಾನು ಹೊರುವವನೊಬ್ಬ ಟಿವಿಯಲ್ಲಿ ಕಾಣುತ್ತಿದ್ದ ಗಾಯಕರನ್ನು ಬೈಯುತ್ತಿದ್ದುದನ್ನು ಕೇಳಿಸಿಕೊಂಡು, ಅಲ್ಲೇ ಕಾಗದ ಪಡೆದು ನಾಫ್ಲರ್ ಬರೆಯತೊಡಗಿದ ಹಾಡು. ಅವನ ಬಾಯಿಯಿಂದ ಸಲಿಂಗಿಗಳನ್ನು ಹೀಯಾಳಿಸುವ ಪದ ಬರುತ್ತದೆ. 2011ರಲ್ಲಿ ಕೆನಡಾದ ಖಾಸಗಿ ಪ್ರಸಾರಕರ ಸ್ವಯಂ ನಿಯಂತ್ರಣ ಮಂಡಳಿ ಆ ಪದ ತೆಗೆಯದೆ ಹಾಡನ್ನು ಪ್ರಸಾರ ಮಾಡುವಂತಿಲ್ಲ ಎಂದಿತ್ತು. ಪಾತ್ರದ ಮಾತು ಅದು, ಕವಿಯ ಮಾತಲ್ಲ ಎಂಬ ವಾದ ನನಗೆ ಒಪ್ಪಿಗೆ. ಆದರೂ ಪದ ಚುಚ್ಚುತ್ತದೆ. ನಾಫ್ಲರ್ ಕೂಡ ವೇದಿಕೆಯಲ್ಲಿ ಬೇರೆ ಪದ ಬಳಸಿದ್ದುಂಟು. ಮನೆಯಲ್ಲಿ ಮಕ್ಕಳೊಡನೆ ಕೇಳುವವರಿಗೆ ಮೊಟಕು ಮಾಡಿದ ಆವೃತ್ತಿಯೂ ಸಿಗುತ್ತದೆ.

ಆಲ್ಬಮ್ಮಿನ ನಿಜವಾದ ತೂಕ ಕೊನೆಯಲ್ಲಿದೆ. ಹೆಸರಿನ ಹಾಡು 1982ರಲ್ಲಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲ್ಯಾಂಡ್ ಯುದ್ಧದ ಹಿನ್ನೆಲೆಯಲ್ಲಿ ಹುಟ್ಟಿದ್ದು, ಸಾಯುತ್ತಿರುವ ಸೈನಿಕ ತನ್ನ ಜೊತೆಗಾರರಿಗೆ ಹೇಳುವ ಮಾತು. ಇದರಲ್ಲಿ ಗಿಟಾರಿನ ಸ್ವರಗಳು ಬಹಳ ಕಡಿಮೆ. ಒಂದೊಂದೂ ತಡೆದು ತಡೆದು ಬರುತ್ತದೆ. ಮೊದಲ ಆಲ್ಬಮ್ಮಿನ ಚುರುಕು ಬೆರಳುಗಳು ಏಳು ವರ್ಷಗಳಲ್ಲಿ ಎಷ್ಟು ಸಂಯಮ ಕಲಿತವು ಎಂಬುದು ಇಲ್ಲಿ ಕೇಳಿಸುತ್ತದೆ.

ಈ ಘಟ್ಟದಲ್ಲಿ ಒಂದು ಸಂಜೆ ಬಿಡುವು ಮಾಡಿಕೊಂಡು ‘ಆಲ್ಕೆಮಿ’ ಕೇಳಿ. 1983ರ ಜುಲೈನಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನಲ್ಲಿ ನುಡಿಸಿದ ನೇರ ಕಛೇರಿ ಅದು, ಬಿಡುಗಡೆಯಾದದ್ದು ಮರುವರ್ಷ. ‘ಸುಲ್ತಾನ್ಸ್’ ಅದರಲ್ಲಿ ಹತ್ತು ನಿಮಿಷ ದಾಟುತ್ತದೆ.

ಐದನೇ ಹೆಜ್ಜೆ: ‘ಸೇಲಿಂಗ್ ಟು ಫಿಲಡೆಲ್ಫಿಯಾ’ (2000)

ಇಲ್ಲಿ ದೊಡ್ಡ ನೆಗೆತ. ತಂಡ ಮುಗಿದಿದೆ, ಕ್ರೀಡಾಂಗಣಗಳ ಗದ್ದಲ ನಾಫ್ಲರ್ ಅವರಿಗೆ ಸಾಕಾಗಿದೆ. ಸ್ವಂತ ಹೆಸರಿನ ಎರಡನೇ ಆಲ್ಬಮ್ ಇದು. ಡೈರ್ ಸ್ಟ್ರೇಟ್ಸ್ ಮಾತ್ರ ಕೇಳಿದವರು ಇಲ್ಲಿ ಒಂದೆರಡು ದಿನ ತಡವರಿಸುತ್ತಾರೆ: ಗಿಟಾರ್ ಕಡಿಮೆಯಾಯಿತಲ್ಲ, ವೇಗ ಇಳಿಯಿತಲ್ಲ ಎಂದು. ಹಾಗನ್ನಿಸಿದರೆ ‘ವಾಟ್ ಇಟ್ ಈಸ್’ ಹಾಡಿನಿಂದ ಒಳಹೊಗಿ. ಎಡಿನ್‌ಬರೋ ನಗರದ ರಾತ್ರಿ, ಹಳೆಯ ಯುದ್ಧಗಳ ನೆರಳು, ಹಿಂದಿನ ಗಿಟಾರಿನ ಹೊಳಪು ಎಲ್ಲವೂ ಅದರಲ್ಲಿದೆ.

ಆಮೇಲೆ ಹೆಸರಿನ ಹಾಡಿಗೆ ಬನ್ನಿ. ಜೆರೆಮಾಯಾ ಡಿಕ್ಸನ್ ಮತ್ತು ಚಾರ್ಲ್ಸ್ ಮೇಸನ್ ಎಂಬ ಇಬ್ಬರು ಇಂಗ್ಲಿಷ್ ಸರ್ವೇಯರ್‌ಗಳು 1763ರಿಂದ 1767ರವರೆಗೆ ಅಮೆರಿಕದ ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡ್ ನಡುವಿನ ಗಡಿಯನ್ನು ಅಳೆದರು. ಮೇಸನ್–ಡಿಕ್ಸನ್ ರೇಖೆ ಎಂದು ಶಾಲೆಯಲ್ಲಿ ಓದಿದ್ದು ಅದನ್ನೇ. ಹಾಡಿನಲ್ಲಿ ಇಬ್ಬರೂ ಹಡಗಿನಲ್ಲಿದ್ದಾರೆ. ಡಿಕ್ಸನ್ ಆಗಿ ನಾಫ್ಲರ್ ಹಾಡುತ್ತಾರೆ, ಮೇಸನ್ ಆಗಿ ಅಮೆರಿಕದ ಗಾಯಕ ಜೇಮ್ಸ್ ಟೇಲರ್. ಒಬ್ಬನಿಗೆ ಹೊಸ ನೆಲದ ಹುರುಪು, ಇನ್ನೊಬ್ಬನಿಗೆ ಅನುಮಾನ. ಇತಿಹಾಸದ ಪಾಠದಲ್ಲಿ ಒಂದು ಗೆರೆಯಾಗಿ ಉಳಿದವರು ಇಲ್ಲಿ ಊಟ, ಕುಡಿತ, ಭಯಗಳಿರುವ ಮನುಷ್ಯರಾಗಿ ಎದ್ದು ಬರುತ್ತಾರೆ.

ನಮ್ಮೂರಿನವರು ಈ ಹಾಡನ್ನು ಇನ್ನೊಂದು ಬಗೆಯಲ್ಲೂ ಕೇಳಬಹುದು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸರ್ವೇಯರ್ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹೊರಗೆ ಸರಪಳಿ ಎಳೆದು ಆಧಾರ ರೇಖೆ ಅಳೆದರು. ಮುಂದೆ ಇಡೀ ಉಪಖಂಡವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಮೋಜಣಿ ಬೆಳೆದದ್ದು ಇಂಥ ಕೆಲಸದಿಂದಲೇ. ಡಿಕ್ಸನ್ ಡರಮ್ ಪ್ರಾಂತ್ಯದವರು, ಲ್ಯಾಂಬ್ಟನ್ ಅದಕ್ಕೆ ಹೊಂದಿಕೊಂಡ ಯಾರ್ಕ್‌ಷೈರಿನವರು. ನಾಫ್ಲರ್ ತಮ್ಮ ನೆರೆಯ ಊರಿನ ಸರ್ವೇಯರ್‌ಗೆ ಹಾಡು ಕಟ್ಟಿದರು. ಬೆಂಗಳೂರಿನ ನೆಲ ಅಳೆದವರ ಮೇಲೆ, ಅವರ ಸರಪಳಿ ಹಿಡಿದ ನಮ್ಮ ಕೂಲಿಯವರ ಮೇಲೆ ಕನ್ನಡದಲ್ಲಿ ಯಾರಾದರೂ ಹಾಡು ಕಟ್ಟಬಾರದೇ ಎಂಬ ಆಸೆ ನನಗಿದೆ.

ಈ ಆಲ್ಬಮ್ಮಿನಲ್ಲಿ ಇನ್ನೆರಡು ಹಾಡುಗಳಿಗೆ ಹೆಚ್ಚು ಹೊತ್ತು ಕೊಡಿ. ‘ಬಲೋನಿ ಅಗೇನ್’ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸುತ್ತುವ ಕಪ್ಪು ಭಜನಾ ಗಾಯಕರದು. ಹೋಟೆಲಿನೊಳಗೆ ಕೂತು ಉಣ್ಣಲು ಅವರಿಗೆ ಜಾಗವಿಲ್ಲ. ಹೊರಗೆ ನಿಲ್ಲಿಸುವ ಅವಮಾನ ನಮಗೆ ಹೊಸದಲ್ಲ, ಹಾಗಾಗಿ ಈ ಹಾಡು ಗಂಟಲಲ್ಲಿ ನಿಲ್ಲುತ್ತದೆ. ‘ಸ್ಪೀಡ್‌ವೇ ಅಟ್ ನಜರೆತ್’ ಕಾರ್ ರೇಸಿನವನೊಬ್ಬ ಋತುವಿನುದ್ದಕ್ಕೂ ಊರೂರಿನಲ್ಲಿ ಸೋಲುತ್ತ, ಬೀಳುತ್ತ ಹೋಗುವ ಕಥೆ. ಕೊನೆಗೆ ಗಿಟಾರ್ ಕಾರಿನ ವೇಗ ಪಡೆಯುತ್ತದೆ.

ಆರನೇ ಹೆಜ್ಜೆ: ‘ದ ರ‍್ಯಾಗ್‌ಪಿಕರ್ಸ್ ಡ್ರೀಮ್’ (2002)

ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಆಲ್ಬಮ್. ಬಡತನ, ವಲಸೆ, ಮನೆಯ ನೆನಪು ಇವೇ ಇದರ ವಸ್ತು. ಮೊದಲ ಹಾಡು ‘ವೈ ಐ ಮ್ಯಾನ್’ನಲ್ಲಿ 1980ರ ದಶಕದಲ್ಲಿ ಕೆಲಸವಿಲ್ಲದೆ ಈಶಾನ್ಯ ಇಂಗ್ಲೆಂಡಿನಿಂದ ಜರ್ಮನಿಗೆ ಹೋದ ಗಾರೆಯವರು, ಬಡಗಿಗಳು ಇದ್ದಾರೆ. ಸಾಲು ಶೆಡ್ಡುಗಳಲ್ಲಿ ವಾಸ, ವಾರದ ಕೊನೆಗೆ ಕುಡಿತ, ತಮ್ಮ ಆಡುನುಡಿಯಲ್ಲೇ ಗಟ್ಟಿ ಮಾತು. ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದು ವೈಟ್‌ಫೀಲ್ಡ್‌ನಲ್ಲಿ ಗೋಪುರಗಳನ್ನು ಕಟ್ಟಿ, ಪಕ್ಕದ ತಗಡಿನ ಶೆಡ್ಡಿನಲ್ಲಿ ಮಲಗುವವರನ್ನು ನಾವು ದಿನವೂ ನೋಡುತ್ತೇವೆ. ಅವರಲ್ಲಿ ಹಾಸ್ಯ, ಹೆಮ್ಮೆ, ಜಗಳಗಂಟತನ ಇರುತ್ತವೆ ಎಂಬುದನ್ನು ನಾವು ಮರೆಯುತ್ತೇವೆ. ಈ ಹಾಡು ಅದನ್ನು ಮರೆಯುವುದಿಲ್ಲ. ಕರುಣೆಯ ರಾಗ ಎಳೆಯದೆ ಕುಣಿಯುವ ಲಯದಲ್ಲಿ ಕಥೆ ಹೇಳುತ್ತದೆ.

ಉಳಿದವುಗಳಲ್ಲಿ ‘ಹಿಲ್ ಫಾರ್ಮರ್ಸ್ ಬ್ಲೂಸ್’, ‘ಎ ಪ್ಲೇಸ್ ವೇರ್ ವಿ ಯೂಸ್ಡ್ ಟು ಲಿವ್’ ಮತ್ತು ‘ಮಾರ್ಬಲ್‌ಟೌನ್’ ಕೇಳಿ. ಮೂರನೆಯದರಲ್ಲಿ ಒಂದು ಗಿಟಾರ್, ಒಂದು ದನಿ, ಅಷ್ಟೇ.

ಇಲ್ಲಿಂದ ಮುಂದೆ ನಿಮ್ಮ ರುಚಿಯೇ ದಾರಿ

ಈ ಆರು ಮುಗಿದರೆ ಕಿವಿ ಹದವಾಗಿರುತ್ತದೆ, ನನ್ನ ಕ್ರಮವನ್ನು ಇನ್ನು ಬಿಡಬಹುದು. ಜಾನಪದದ ಕ‌ಡೆಗೆ ಒಲವಿದ್ದವರು ‘ಗೆಟ್ ಲಕ್ಕಿ’ (2009) ತೆಗೆದುಕೊಳ್ಳಲಿ. ಅದರಲ್ಲಿ ‘ಸೋ ಫಾರ್ ಫ್ರಮ್ ದ ಕ್ಲೈಡ್’ ಎಂಬ ಹಾಡು ಕ್ಲೈಡ್ ನದಿಯ ದಡದಲ್ಲಿ ಕಟ್ಟಿದ ಹಡಗೊಂದನ್ನು ದೂರದ ತೀರದಲ್ಲಿ ಮರಳಿಗೆ ಏರಿಸಿ ಒಡೆಯುವುದರ ಕುರಿತು. ನಮ್ಮ ಗುಜರಾತಿನ ಅಲಂಗ್‌ನಲ್ಲಿ ನಡೆಯುವುದು ಅದೇ ಕೆಲಸ. ‘ಪೈಪರ್ ಟು ದ ಎಂಡ್’ 1940ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಸತ್ತ ತಮ್ಮ ಸೋದರಮಾವನಿಗೆ ನಾಫ್ಲರ್ ಬರೆದದ್ದು; ಬ್ಯಾಗ್‌ಪೈಪ್ ನುಡಿಸುತ್ತಿದ್ದ ಅವರು ಅದರೊಂದಿಗೇ ಯುದ್ಧಕ್ಕೆ ಹೋಗಿದ್ದರು.

ಬ್ಲೂಸ್ ಇಷ್ಟವಾದವರಿಗೆ ಎರಡು ಸಿಡಿಗಳ ‘ಪ್ರೈವಟೀರಿಂಗ್’ (2012). ಹೆಣ್ಣು ದನಿ ಜೊತೆಗಿರಲಿ ಎನ್ನುವವರಿಗೆ ಅಮೆರಿಕದ ಗಾಯಕಿ ಎಮಿಲೂ ಹ್ಯಾರಿಸ್ ಅವರೊಂದಿಗಿನ ‘ಆಲ್ ದ ರೋಡ್‌ರನ್ನಿಂಗ್’ (2006). ಮಾತೇ ಬೇಡ, ಗಿಟಾರ್ ಸಾಕು ಎನ್ನುವವರಿಗೆ ‘ಲೋಕಲ್ ಹೀರೋ’ (1983) ಸಿನಿಮಾ ಸಂಗೀತ. ಅದರ ಕೊನೆಯ ರಾಗ ‘ಗೋಯಿಂಗ್ ಹೋಮ್’ ನ್ಯೂಕ್ಯಾಸಲ್ ಫುಟ್‌ಬಾಲ್ ತಂಡದ ಮೈದಾನದಲ್ಲಿ ಮೊಳಗುತ್ತದೆ. 2024ರಲ್ಲಿ ಕ್ಯಾನ್ಸರ್‌ಪೀಡಿತ ಹದಿಹರೆಯದವರ ನೆರವಿಗಾಗಿ ಹತ್ತಾರು ಗಿಟಾರ್ ವಾದಕರು ಅದನ್ನು ಮತ್ತೆ ನುಡಿಸಿದರು. ಅವರಲ್ಲೊಬ್ಬರಾದ ಜೆಫ್ ಬೆಕ್ ಅವರ ಕೊನೆಯ ಧ್ವನಿಮುದ್ರಣ ಅದರಲ್ಲಿದೆ. ಪತ್ರಿಕಾ ಕಚೇರಿಯಲ್ಲಿ ಕೆಲಸ ಮಾಡಿದವರು ‘ಟ್ರ್ಯಾಕರ್’ (2015) ಆಲ್ಬಮ್ಮಿನ ‘ಬೇಸಿಲ್’ ಕೇಳಲೇಬೇಕು. ಹದಿಹರೆಯದ ನಾಫ್ಲರ್ ನ್ಯೂಕ್ಯಾಸಲ್ಲಿನ ಪತ್ರಿಕೆಯೊಂದರಲ್ಲಿ ಪ್ರತಿ ಒಯ್ಯುವ ಹುಡುಗನಾಗಿದ್ದಾಗ, ಅದೇ ಕಚೇರಿಯ ಮೂಲೆಯಲ್ಲಿ ಮನಸ್ಸಿಲ್ಲದೆ ದುಡಿಯುತ್ತಿದ್ದ ಕವಿ ಬೇಸಿಲ್ ಬಂಟಿಂಗ್ ಅವರ ಚಿತ್ರ ಅದು.

‘ಶಾಂಗ್ರಿ-ಲಾ’ (2004) 2003ರ ಮೋಟಾರ್‌ಸೈಕಲ್ ಅಪಘಾತದಲ್ಲಿ ಪಕ್ಕೆಲುಬು ಮುರಿದುಕೊಂಡು ಚೇತರಿಸಿಕೊಂಡ ಮೇಲಿನದು. ಬೆಂಗಳೂರಿಗೆ ಬಂದದ್ದು ಈ ಆಲ್ಬಮ್ಮಿನ ಪ್ರವಾಸದಲ್ಲಿ. ಬಾಕ್ಸರ್ ಸನ್ನಿ ಲಿಸ್ಟನ್ ಮೇಲೆ, ಹ್ಯಾಂಬರ್ಗರ್ ವ್ಯಾಪಾರಿ ರೇ ಕ್ರಾಕ್ ಮೇಲೆ ಅದರಲ್ಲಿ ಒಳ್ಳೆಯ ಹಾಡುಗಳಿವೆ, ಆದರೆ ಹದಿನಾಲ್ಕು ಹಾಡುಗಳ ನಡುವೆ ಬಿಗಿ ಸಡಿಲವಾಗಿದೆ. ‘ಕಮ್ಯುನಿಕೆ’ (1979) ಮೊದಲ ಆಲ್ಬಮ್ಮಿನ ಪ್ರತಿಧ್ವನಿ, ಕೊನೆಗೆ ಇಟ್ಟುಕೊಳ್ಳಿ. ತಂಡದ ಕೊನೆಯ ‘ಆನ್ ಎವ್ರಿ ಸ್ಟ್ರೀಟ್’ (1991) ಬಗ್ಗೆ ಅಭಿಮಾನಿಗಳಲ್ಲಿ ಜಗಳವಿದೆ. ಅದರ ‘ಐರನ್ ಹ್ಯಾಂಡ್’, 1984ರ ಬ್ರಿಟನ್ನಿನ ಗಣಿ ಕಾರ್ಮಿಕರ ಮುಷ್ಕರದ ಮೇಲೆ ಕುದುರೆ ಪೊಲೀಸರು ನುಗ್ಗಿದ ದಿನದ ಹಾಡು, ಯಾವ ಜಗಳಕ್ಕೂ ಸಿಗದಷ್ಟು ಗಟ್ಟಿಯಾಗಿದೆ. ಸಮಯವೇ ಇಲ್ಲದವರಿಗೆ ‘ಪ್ರೈವೇಟ್ ಇನ್ವೆಸ್ಟಿಗೇಷನ್ಸ್’ ಎಂಬ ಹೆಸರಿನ 2005ರ ಸಂಕಲನ ಒಂದಿದೆ. ತಂಡದ ಹಾಡುಗಳೂ ಸ್ವಂತ ಹಾಡುಗಳೂ ಅದರಲ್ಲಿ ಬೆರೆತಿವೆ. ಬೇರೆ ಸಂಕಲನಗಳಿಗಿಂತ ಅದು ಮೇಲು.

2024ರ ‘ಒನ್ ಡೀಪ್ ರಿವರ್’ ಅನ್ನು ಇವೆಲ್ಲ ಆದ ಮೇಲೆ ತೆರೆಯಿರಿ. ಎಪ್ಪತ್ತು ದಾಟಿದ ದನಿ ಇನ್ನೂ ತಗ್ಗಿದೆ, ಗಿಟಾರ್ ಇನ್ನೂ ಮಿತವಾಗಿದೆ. ಅದೇ ವರ್ಷದ ಜನವರಿಯಲ್ಲಿ ಅವರು ತಮ್ಮ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರ್‌ಗಳನ್ನು ಲಂಡನ್ನಿನಲ್ಲಿ ಹರಾಜಿಗೆ ಇಟ್ಟರು. ಎಂಬತ್ತು ಲಕ್ಷ ಪೌಂಡಿಗೂ ಹೆಚ್ಚು ಹಣ ಬಂತು, ಅದರ ಕಾಲು ಭಾಗ ದಾನಕ್ಕೆ ಹೋಯಿತು.

ಗಿಟಾರ್ ಕಲಿಯುತ್ತಿರುವವರಿಗೆ

ಬಳೇಪೇಟೆಯಿಂದ ಗಿಟಾರ್ ತಂದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ನೇರವಾಗಿ ‘ಸುಲ್ತಾನ್ಸ್’ ಹಾಡಿನ ಕೊನೆಯ ವೇಗದ ಭಾಗಕ್ಕೆ ಕೈ ಹಾಕಿ, ಸೋತು, ಗಿಟಾರನ್ನು ಮೂಲೆಗಿಡುತ್ತಾರೆ. ಅದನ್ನು ವರ್ಷದ ನಂತರ ನೋಡಿಕೊಳ್ಳೋಣ. ಮೊದಲು ಪ್ಲೆಕ್ಟ್ರಮ್ ಪಕ್ಕಕ್ಕಿಟ್ಟು ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಈ ಮೂರರಿಂದ ಮೀಟುವುದನ್ನು ರೂಢಿಸಿಕೊಳ್ಳಿ. ಉಳಿದೆರಡು ಬೆರಳು ಗಿಟಾರಿನ ಮೈಮೇಲೆ ಊರಿರಲಿ. ‘ಬ್ರದರ್ಸ್ ಇನ್ ಆರ್ಮ್ಸ್’ ಹೆಸರಿನ ಹಾಡಿನ ಮೊದಲ ಕೆಲವು ಸಾಲುಗಳ ಗಿಟಾರ್ ಉತ್ತರಗಳನ್ನು ಕಿವಿಯಿಂದ ಹಿಡಿಯಿರಿ. ಸ್ವರ ಕಡಿಮೆ ಇರುವುದರಿಂದ ಹಿಡಿಯಲು ಸುಲಭ, ಆ ತೂಕ ತರಿಸುವುದು ಮಾತ್ರ ತಿಂಗಳುಗಳ ಕೆಲಸ.

ಅದಾದ ಮೇಲೆ ‘ರೋಮಿಯೋ ಅಂಡ್ ಜೂಲಿಯೆಟ್’. ನಾಫ್ಲರ್ ಇದನ್ನು ‘ಬ್ರದರ್ಸ್ ಇನ್ ಆರ್ಮ್ಸ್’ ಮುಖಪುಟದಲ್ಲಿ ಕಾಣುವ ಲೋಹದ ಮೈಯ ನ್ಯಾಷನಲ್ ಗಿಟಾರಿನಲ್ಲಿ, ಓಪನ್ ಜಿ ಶ್ರುತಿಯಲ್ಲಿ (ಫ್ರೆಟ್ ಒತ್ತದೆ ಮೀಟಿದರೂ ಜಿ ಸ್ವರಮೇಳ ಬರುವ ಶ್ರುತಿ) ನುಡಿಸುತ್ತಾರೆ. ಸಾಮಾನ್ಯ ಗಿಟಾರಿನಲ್ಲೂ ಮಾಡಬಹುದು. ಒಂದನೇ, ಐದನೇ, ಆರನೇ ತಂತಿಗಳನ್ನು ಒಂದೊಂದು ಪೂರ್ಣ ಸ್ವರ ಕೆಳಗಿಳಿಸಿ, ಮೂರನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿಹಿಡಿಯುವ ಕ್ಲಿಪ್) ಹಾಕಿ. ಶ್ರುತಿ ಇಳಿಸುವುದರಿಂದ ತಂತಿ ಹರಿಯುವ ಭಯವಿಲ್ಲ. ಮುಗಿದ ಮೇಲೆ ಮತ್ತೆ ಏರಿಸುವಾಗ ಮಾತ್ರ ನಿಧಾನವಾಗಿ ತಿರುಗಿಸಿ.